ಗೊಂಬೆ ನೋಡಲು ಕರೆಯದ ಮನೆ

"ಯಾರ್ರೀ ಅದು, ಕಿಟಕಿ ಹತ್ರ?"

ಮನ್ಮಾಯಾ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಫೋನಿನೊಳಗೆ ನೇಪಾಳದಲ್ಲಿದ್ದ ಅವಳ ತಾಯಿಯ ಮುಖ. ಬೆನ್ನ ಹಿಂದಿನ ಕಿಟಕಿಯೊಳಗೆ ದಸರಾ ಗೊಂಬೆಗಳು.

"ನೋಡು ಆಮಾ, ಈ ಮನೆಯವರು ಗೊಂಬೆ ನೋಡಲು ಕರೆದಿದ್ದಾರೆ" ಎಂದು ಈಗಷ್ಟೇ ಸುಳ್ಳು ಹೇಳಿದ್ದಳು!

ಬಾಗಿಲಲ್ಲಿ ಪ್ರದ್ಯುಮ್ನ ನಿಂತಿದ್ದ. ಆರು ತಿಂಗಳಿಂದ ಬಸ್ ಸ್ಟಾಪಿನಲ್ಲಿ ದಿನಾ ಮಾತಾಡುವ ಬ್ಯಾಂಕ್ ಉದ್ಯೋಗಿ. ಅವನ ಮನೆ ಇದೇ ಎಂದು ಅವಳಿಗೆ ಗೊತ್ತಿರಲಿಲ್ಲ.

ನಾಚಿಕೆ ನುಂಗಿಕೊಂಡು ಕೇಳಿದಳು. "ಒಂದ್ನಿಮಿಷ ಒಳಗೆ ಬರ್ಲಾ?"

ಅವನು ಹಿಂತಿರುಗಿ ಖಾಲಿ ಮನೆಯನ್ನು ನೋಡಿದ. "ಇವತ್ತು ಬೇಡ, ಮನ್ಮಾಯಾ..."

ಉಳಿದ ಮಾತು ಕೇಳಲು ಅವಳು ನಿಲ್ಲಲಿಲ್ಲ.

ಕೃಷ್ಣಮೂರ್ತಿಪುರಂಗೆ ಬಂದು ಮೂರು ವರ್ಷ. ಚಾಮರಾಜಪುರಂನ ಬ್ಯೂಟಿ ಪಾರ್ಲರಿನಲ್ಲಿ ಎಷ್ಟೋ ಹೆಂಗಸರನ್ನು ಹಬ್ಬಕ್ಕೆ ಸಿಂಗರಿಸಿದ್ದಳು. ಒಬ್ಬರೂ ಅವಳನ್ನು ಮನೆಗೆ ಕರೆದಿರಲಿಲ್ಲ. ಇವನೂ ಅಷ್ಟೇನಾ?

ಆ ಸಂಜೆಯೇ ಬಟ್ಟೆ ಜೋಡಿಸತೊಡಗಿದಳು. ಶನಿವಾರ ಊರಿಗೆ ಹೋಗಿಬಿಡುವುದು. ಇನ್ನು ಬರುವುದು ಬೇಡ.

ಮರುದಿನ ಸಂಜೆ ಬಾಗಿಲು ಬಡಿದ ಸದ್ದು. ಕುಂಕುಮದ ಭರಣಿ ಹಿಡಿದ ಹಿರಿಯ ಹೆಂಗಸು. ಹಿಂದೆ, ಗೇಟಿನ ಬಳಿ ಪ್ರದ್ಯುಮ್ನ.

"ನಾನು ಚೂಡಾಮಣಿ, ಇವನಮ್ಮ. ನಮ್ಮನೇಲಿ ಗೊಂಬೆ ಕೂರಿಸಿದೀವಿ, ಬರ್ಬೇಕು ಕಣಮ್ಮ." ಹಣೆಗೆ ಕುಂಕುಮವಿಟ್ಟರು. "ಗಂಡಸರು ಕರೆದ್ರೆ ಕರೆದ ಹಾಗಲ್ಲ. ನಿನ್ನೆ ನಾನು ಇಲವಾಲದಲ್ಲಿ ತಂಗಿ ಮನೇಲಿದ್ದೆ. ಒಬ್ಬನೇ ಇರೋ ಮನೆಗೆ ಹುಡುಗೀನ ಹೇಗೆ ಕರೀತಾನೆ? 'ಬೇಗ ಬಾ ಅಮ್ಮ, ಬೇಗ ಬಾ' ಅಂತ ನನ್ನ ಪ್ರಾಣ ತಿಂದ್ಬಿಟ್ಟ!"

"ಅಮ್ಮಾ, ಸಾಕು..."

"ನೀನು ಸುಮ್ನಿರೋ! ಆರತಿ ಹೊತ್ತಾಯ್ತು, ನಾನು ಮುಂದೆ ಹೋಗಿರ್ತೀನಿ. ಕರ್ಕೊಂಡು ಬಾ."

ಮನ್ಮಾಯಾ ಅಲ್ಲಿಯೇ ತಾಯಿಗೆ ಕರೆ ಮಾಡಿದಳು. "ಆಮಾ... ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು. ನನ್ನನ್ನು ಯಾರೂ ಕರೆದಿರಲಿಲ್ಲ."

"ಗೊತ್ತಿತ್ತು ಮಗಳೇ. ನಿನ್ನ ಜೊತೆ ಇನ್ನೊಬ್ಬರ ದನಿ ಯಾವತ್ತೂ ಕೇಳಿಸಿಲ್ಲ."

ಅವಳ ಕಣ್ಣು ತುಂಬಿತು.

"ಏನಂದ್ರು?" ಬಾಗಿಲ ಬಳಿ ಬಂದ ಪ್ರದ್ಯುಮ್ನ, ಒಳಗೆ ಜೋಡಿಸಿಟ್ಟ ಬಟ್ಟೆಯ ಚೀಲ ನೋಡುತ್ತ ಮೆಲ್ಲಗೆ ಕೇಳಿದ.

"ಇಲ್ಲಿ ಇನ್ನೊಬ್ಬರ ದನಿ ಕೇಳಿಲ್ವಂತೆ. ನೀವು ಮಾತಾಡಿ. ಕನ್ನಡದಲ್ಲೇ ಹೇಳಿ, ನಾನು ನೇಪಾಳಿಯಲ್ಲಿ ಹೇಳ್ತೀನಿ ಅವರಿಗೆ."

ಅವನು ಫೋನು ತೆಗೆದುಕೊಂಡ.

"ಅಮ್ಮ, ನಿಮ್ಮ ಮಗಳು ಅಂದ್ರೆ ನನಗೆ ತುಂಬಾ ಇಷ್ಟ. ಊರಿಗೆ ವಾಪಸ್ ಕರೆಸ್ಕೋಬೇಡಿ."

ಮನ್ಮಾಯಾ ಫೋನು ವಾಪಸ್ ತೆಗೆದುಕೊಂಡು ಅದರ ಮೇಲೆ ಅಂಗೈ ಮುಚ್ಚಿದಳು.

"ಹೇಳ್ರೀ ಅವರಿಗೆ..."

"ಹೇಳ್ತೀನಿ ಇರಿ. ಮೊದಲು ನನಗೆ ಇನ್ನೊಂದ್ಸಲ ಹೇಳಿ."