ನಿಮ್ದಾಗ್ಲಿ

“ಐತವಾರ ನೋಯೂದಿಲ್ಲ ಅಂದ್ರ, ನಿನ್ನ ಹೊಟ್ಟಿಗೂ ಸೂಟಿ ಗೊತ್ತೈತಿ ಅಂದಂಗಾತು,” ಎಂದರು ಡಾಕ್ಟರಮ್ಮ, ಅನ್ನಪೂರ್ಣಳ ಹೊಟ್ಟೆ ಒತ್ತಿ ನೋಡುತ್ತ. “ಮತ್ತ ಯಾವಾಗ ನೋಯ್ತೈತಿ?”

“ಸಾಲ್ಯಾಗ ಊಟದ ಬೆಲ್ ಹೊಡದಾಗ್ರಿ.”

“ಯಾರ ಜೋಡಿ ಉಣ್ತಿ?”

“ಒಬ್ಬಾಕೀನ ಉಣ್ತೇನ್ರಿ.”

“ಯಾರೂ ಕರಿಯೂದಿಲ್ಲೇನಬೇ?” ಅವ್ವ ಸುಶೀಲವ್ವ ಮೆಲ್ಲಗೆ ಕೇಳಿದಳು.

“ನಮ್ಮ ಕ್ಲಾಸಿನ ರೇಷ್ಮಾ ಒಮ್ಮೆ ಕರದಿದ್ಲು. ‘ನಿಮ್ದಾಗ್ಲಿ’ ಅಂದೆ. ಆಮ್ಯಾಲೆ ಕರೀಲೇ ಇಲ್ಲ.”

ಅಪ್ಪನಿಗೆ ರೋಣದ ಸೀರೆ ಅಂಗಡಿಯಲ್ಲಿ ಕೆಲಸ ಸಿಕ್ಕಿತೆಂದು ಅವರು ಗಜೇಂದ್ರಗಡ ಬಿಟ್ಟು ಬಂದಿದ್ದರು. ಅಲ್ಲಿ ನೇಕಾರರ ಓಣಿಯಲ್ಲಿ ಮಗ್ಗಗಳ ಸದ್ದು ನಿಂತಿತೆಂದರೆ ಊಟದ ಹೊತ್ತು. ಗೋಡೆಯಾಚೆಯಿಂದ ಉಡಚವ್ವಜ್ಜಿ ಕೂಗುತ್ತಿದ್ದಳು, “ಅನ್ನೀ, ಉಣ್ಣಾಕ ಬಾರ.”

ಮೊದಲ ಸಲ ‘ನಿಮ್ದಾಗ್ಲಿ ಅಜ್ಜಿ’ ಅನ್ನಬೇಕು. ಎರಡನೇ ಸಲ ‘ಈಗರ ಉಂಡೇನಿ’ ಅನ್ನಬೇಕು. ಮೂರನೇ ಸಲಕ್ಕೆ ಎದ್ದು ಹೋಗಿ, ಅಜ್ಜಿಯ ಮಗ್ಗುಲಲ್ಲಿ ಕೂತು, ಅವಳ ರೊಟ್ಟಿಗೇ ಕೈ ಹಾಕಬೇಕು. ಒಂದೇ ಕರೆಗೆ ಓಡಿದರೆ ಓಣಿಯೇ ನಗುತ್ತಿತ್ತು. ಒಮ್ಮೆ ಕರೆದು ಸುಮ್ಮನಾಗುವವರನ್ನು ಮಾತ್ರ ಅನ್ನಪೂರ್ಣ ಕಂಡೇ ಇರಲಿಲ್ಲ.

ಇಲ್ಲಿ ದಿನಾ ವರಾಂಡದ ಮೂಲೆಯಲ್ಲಿ ತಟ್ಟೆ ಹಿಡಿದು ಕೂರುತ್ತಿದ್ದಳು. ಕಿವಿ ಬೇವಿನಮರದ ಕಡೆಗೇ. ಅಲ್ಲಿ ಹುಡುಗಿಯರು ನಗುತ್ತಿದ್ದರು. ಎರಡನೇ ಕರೆ ಬರಲಿಲ್ಲ; ಅನ್ನ ಆರುತ್ತಿತ್ತು.

“ಗುಳಿಗಿ ಬ್ಯಾಡ ಇದಕ್ಕ,” ಎಂದರು ಡಾಕ್ಟರಮ್ಮ. “ನಾಳಿ ನೀನ ಹೋಗಿ ಅವರ ಹಂತ್ಯಾಕ ಕುಂದ್ರು.”

“ಕರೀಲಾರದ?”

“ಹೂಂನವಾ. ಕರೀಲಾರದ.”

ಮರುದಿನ ಬೇವಿನಮರದವರೆಗೆ ನಡೆಯುವಷ್ಟರಲ್ಲಿ ತಟ್ಟೆಯ ಸಾಂಬಾರು ಅಂಚಿಗೆ ತುಳುಕಿ ಅವಳ ಬೆರಳು ಸುಟ್ಟಿತು.

“ಏನು?” ರೇಷ್ಮಾ ತಲೆ ಎತ್ತಿದಳು.

“ನಾನೂ ಇಲ್ಲೇ ಉಣ್ಲ್ಯಾ?”

“ಅವತ್ತ ಒಲ್ಲೆ ಅಂದೆಲ್ಲ.”

“ಒಲ್ಲೆ ಅನ್ಲಿಲ್ಲ. ‘ನಿಮ್ದಾಗ್ಲಿ’ ಅಂದೆ. ನಮ್ಮ ಓಣ್ಯಾಗ ಹಂಗಂದ್ರ… ಇನ್ನೊಮ್ಮೆ ಕರೀರಿ ಅಂತ.”

“ಹೋಗ,” ಎಂದು ಪಕ್ಕದಲ್ಲಿ ಕೂತಿದ್ದ ಗುಲ್ಷನ ಬಾಯಲ್ಲಿ ಅನ್ನ ಇಟ್ಟುಕೊಂಡೇ ನಕ್ಕಳು. “ನಾವು ನಿನಗ ಭಾಳ ಸೊಕ್ಕು ಅನ್ಕೊಂಡಿದ್ವಿ. ಅವತ್ತ ಇಕಿ ನಿನಗಂತ ಜಾಗಾ ಹಿಡದಿದ್ಲು. ನೀ ಬರ್ಲಿಲ್ಲಂತ ಸಂಜಿತನಾ ಮಾರಿ ಊದಿಸ್ಕೊಂಡಿದ್ಲು.”

“ನೀ ಸುಮ್ನ ಉಣ್ಣ,” ಎಂದಳು ರೇಷ್ಮಾ.

ಅನ್ನಪೂರ್ಣ ರೇಷ್ಮಾಳ ನಾಚಿದ ಮುಖ ನೋಡಿದಳು. ವರಾಂಡದಿಂದ ಆ ಮುಖ ಅವಳಿಗೆ ಹೀಗೆ ಕಂಡೇ ಇರಲಿಲ್ಲ.

ರೇಷ್ಮಾ ತಟ್ಟೆ ಎತ್ತಿಕೊಂಡು ಸರಿದು ಕೂತಳು. ಅವಳು ಬಿಟ್ಟುಕೊಟ್ಟ ಕಲ್ಲು ಇನ್ನೂ ಬೆಚ್ಚಗಿತ್ತು.