ಒಂದು ಬೆರಳೂ ಉಳಿಯಬಾರದು

“ಮೊದಲು ಕತ್ತರಿಸು, ಆಮೇಲೆ ಬಣ್ಣ ತೆಗಿ. ಪಕ್ಕದವರ ಒಂದು ಬೆರಳೂ ಉಳೀಬಾರದು. ಇನ್ನೊಂದು, ಬದುಕಿರೋರ ಫೋಟೋನ ಈ ಮೇಜಿನ ಮೇಲೆ ಯಾವತ್ತೂ ಕಪ್ಪುಬಿಳುಪು ಮಾಡಬೇಡ.”

ಪ್ರೂಫ್ ನೋಡುವ ಅಕ್ಕ ಮೊದಲ ದಿನವೇ ಹೊಸಬನಿಗೆ ಇಷ್ಟು ಹೇಳಿದ್ದಳು. ಅವನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಸಂಜೆ ಪತ್ರಿಕೆಯ ನಿಧನವಾರ್ತೆ ಪುಟ ಕಟ್ಟುವ ಕೆಲಸ ಅವನದು. ಸಾಯುವುದಕ್ಕೆಂದು ಯಾರೂ ಒಂಟಿ ಫೋಟೋ ತೆಗೆಸಿಟ್ಟುಕೊಂಡಿರುವುದಿಲ್ಲ. ಮನೆಯವರು ಕಳಿಸುವ ಚಿತ್ರದಲ್ಲಿ ಸತ್ತವರ ತೊಡೆಯ ಮೇಲೆ ಮೊಮ್ಮಗು ಇರುತ್ತದೆ, ಹೆಗಲ ಮೇಲೆ ಯಾರದೋ ಕೈ ಇರುತ್ತದೆ. ಅದರಿಂದ ಒಂದು ತಲೆಯನ್ನು ಬಿಡಿಸಿ, ಬಿಟ್ಟಿ ಸಿಗುವ ಒಂದು ವೆಬ್‌ಸೈಟಿಗೆ ಏರಿಸಿ, ಗುಂಡಿ ಒತ್ತಬೇಕು. ಪರದೆಯ ಮೇಲೆ ಸಣ್ಣ ಚಕ್ರ ತಿರುಗುತ್ತದೆ. ಬಣ್ಣ ಕಳೆದುಕೊಂಡ ಮುಖ ಕೆಳಗಿಳಿಯುತ್ತದೆ. ಕೋತಿಗೂ ಕಲಿಸಬಹುದಾದ ಕೆಲಸ ಎಂದು ಅವನೇ ಹೆಂಡತಿಯ ಹತ್ತಿರ ನಗಾಡಿದ್ದ.

ಕೋಣೆ ನೆಲಮಾಳಿಗೆಯಲ್ಲಿತ್ತು. ಕಿಟಕಿಯಿಲ್ಲ. ಒಂದೇ ಒಂದು ಟ್ಯೂಬ್‌ಲೈಟು, ಅದೂ ಮಿಟುಕುವುದೇ ಹೆಚ್ಚು. ಗೋಡೆಯಾಚೆ ಮುದ್ರಣ ಯಂತ್ರ, ಎಲ್ಲೆಲ್ಲೂ ಶಾಯಿ ಮತ್ತು ಸೀಮೆಎಣ್ಣೆಯ ವಾಸನೆ. ಮೇಜಿನ ಅಡಿಯಲ್ಲಿ ಏನೋ ಮೊಣಕಾಲಿಗೆ ತಾಗುತ್ತಿತ್ತು. ಬಗ್ಗಿ ನೋಡಿದರೆ ಕಪ್ಪು ದಾರದಲ್ಲಿ ಸುತ್ತಿದ ಕೂದಲ ಗಂಟು, ಅದರ ನಡುವೆ ಬೆರಳಗಲದ ಒಂದು ಫೋಟೋ, ಎರಡನ್ನೂ ಸೇರಿಸಿ ಹೊಡೆದ ಮೊಳೆ.

“ಅಕ್ಕಾ, ಇದನ್ನ ಕಿತ್ತು ಬಿಸಾಕಬಾರದಾ?”

“ಕಿತ್ತವನೊಬ್ಬ ಇದ್ದ,” ಎಂದಳು ಅವಳು ತಲೆಯೆತ್ತದೆ. “ಅವನ ಫೋಟೋ ಪ್ರೂಫ್ ನೋಡಿದ್ದೂ ನಾನೇ.”

ಅಕ್ಕ ಎಡಗೈಯಲ್ಲಿ ತಪ್ಪು ತಿದ್ದುತ್ತಿದ್ದಳು. ಬಲಗೈ ಸದಾ ಶಾಲಿನೊಳಗೆ. ಮೂವತ್ತು ವರ್ಷ ಸತ್ತವರ ಹೆಸರು ಓದಿ ಓದಿ ಇವಳಿಗೆ ತಲೆ ಕೆಟ್ಟಿದೆ ಎಂದು ಹೊಸಬ ತೀರ್ಮಾನಿಸಿದ. ಕಂಪ್ಯೂಟರಿನ ಹಿನ್ನೆಲೆಗೆ ತನ್ನ ಮಗಳ ಚಿತ್ರ ಹಾಕಿಕೊಂಡ. ಐದು ವರ್ಷದ ಪುಟ್ಟಿ ಅವನ ಹೆಗಲೇರಿ ಕೂತು, ಬಲಗೈಯಲ್ಲಿ ಅಪ್ಪನ ಕೂದಲು ಹಿಡಿದು, ಎಡಗೈ ಗಾಳಿಯಲ್ಲಿ ಬೀಸುತ್ತಿದ್ದಾಳೆ. ಸತ್ತವರ ನಡುವೆ ಕೆಲಸ ಮಾಡುವವನಿಗೆ ಕಣ್ಣು ತಣಿಯಲು ಏನಾದರೂ ಬೇಡವೇ?

ನಾಲ್ಕನೆಯ ದಿನ ಮಧ್ಯಾಹ್ನ ಮೂರಕ್ಕೆಲ್ಲ ಪುಟ ತುಂಬಿತ್ತು. ಒಂದು ಚೌಕ ಮಾತ್ರ ಖಾಲಿ. ನಾಲ್ಕು ಗಂಟೆಗೆ ಯಂತ್ರ ತಿರುಗಬೇಕು. ಹೊಸಬನಿಗೆ ಹೊತ್ತು ಹೋಗುತ್ತಿರಲಿಲ್ಲ. ಅಕ್ಕನನ್ನು ಕೆಣಕುವ ಚಪಲ ಬೇರೆ.

“ಅಕ್ಕಾ, ಇಲ್ಲಿ ನೋಡಿ. ನಿಮ್ಮ ಅಜ್ಜಿಕತೆಗೆ ಇವತ್ತು ಮಂಗಳ ಹಾಡ್ತೀನಿ.”

ಪರದೆಯಲ್ಲಿ ಹಳದಿ ಫ್ರಾಕು, ಕೆಂಪು ರಿಬ್ಬನ್ನಿನ ಹುಡುಗಿಯೊಬ್ಬಳು ಉಯ್ಯಾಲೆಯಲ್ಲಿ ನಗುತ್ತಿದ್ದಳು.

“ಯಾರದು?”

“ನನ್ನ ಮಗಳು.”

“ಬದುಕಿದ್ದಾಳಾ?”

“ಬಿಡ್ತು ಅನ್ನಿ!” ಹೊಸಬ ನಕ್ಕ. ಅಕ್ಕ ಕುರ್ಚಿ ಉರುಳಿಸಿಕೊಂಡು ಓಡಿಬಂದಳು. ಅಷ್ಟರಲ್ಲಿ ಅವನು ಗುಂಡಿ ಒತ್ತಿಯಾಗಿತ್ತು.

ಚಕ್ರ ತಿರುಗಿತು. ಉಳಿದ ಚಿತ್ರಗಳಿಗೆ ಅರೆಕ್ಷಣ ಸಾಕಾಗುತ್ತಿತ್ತು. ಇದು ನಿಧಾನ. ಮೊದಲು ರಿಬ್ಬನ್ನಿನ ಕೆಂಪು ಹೋಯಿತು. ಆಮೇಲೆ ಫ್ರಾಕಿನ ಹಳದಿ ಅಂಚಿನಿಂದ ಒಳಗೆ ಸರಿಯುತ್ತಾ ಹೋಯಿತು. ಕೊನೆಗೆ ಕೆನ್ನೆ. ಮೇಜಿನಡಿಯಿಂದ ಕೂದಲು ಸುಟ್ಟ ನಾತ ಎದ್ದಿತು.

ಫೋನ್ ಬಡಿದುಕೊಂಡಿತು. ಹೆಂಡತಿ.

“ರೀ, ಪುಟ್ಟಿ ಒಂಥರಾ ಆಡ್ತಿದ್ದಾಳೆ. ಮೈಯೆಲ್ಲ ತಣ್ಣಗಿದೆ. ತುಟೀಲಿ ಬಣ್ಣಾನೇ ಇಲ್ಲ. ರೀ... ಅವಳ ಫ್ರಾಕು... ಹಳದಿ ಫ್ರಾಕು ಬೂದಿ ಬಣ್ಣ ಆಗ್ತಾ ಇದೆ ರೀ, ನನ್ನ ಕಣ್ಣೆದುರೇ...”

“ಆಸ್ಪತ್ರೆಗೆ ಓಡು! ನಾನು—”

ಬೆಳಗ್ಗೆಯಿಂದ ಚಾರ್ಜಿಗೆ ಹಾಕದ ಫೋನು ಅಲ್ಲಿಗೆ ಸತ್ತಿತು.

ಹೊಸಬ ಪರದೆಗೆ ತಿರುಗಿದ. ಚಿತ್ರವನ್ನು ಅಳಿಸಿದ. ಅದು ಪುಟದ ಖಾಲಿ ಚೌಕದಲ್ಲಿ ಬಂದು ಕೂತಿತು, ಸುತ್ತಲೂ ದಪ್ಪ ಕಪ್ಪು ಗೆರೆಯ ಸಮೇತ. ಮತ್ತೆ ಅಳಿಸಿದ. ಮತ್ತೆ ಬಂತು. ಚೌಕವನ್ನೇ ಕಿತ್ತುಹಾಕಿದ. ಚೌಕ ಸಮೇತ ಬಂತು.

“ಅದು ಹೋಗಲ್ಲ,” ಎಂದಳು ಅಕ್ಕ. “ಒಂದು ಸಲ ಯಾರದೋ ಮನೇಲಿ ಅಣ್ಣ ಸತ್ತಾಗ ಫೋಟೋದಿಂದ ತಮ್ಮನ ತಲೆ ಕತ್ತರಿಸಿ ಹಾಕಿಬಿಟ್ರು ಇಲ್ಲಿ. ಪ್ರೂಫ್ ನೋಡಿದ್ದು ನಾನು. ಎರಡು ಮುಖ ಒಂದೇ ಥರ ಇದ್ವು, ಬಿಟ್ಟುಬಿಟ್ಟೆ. ಪೇಪರ್ ಬಂದ ದಿನವೇ ಆ ತಮ್ಮನೂ ಲಾರಿ ಕೆಳಗೆ ಹೋದ. ಅವರ ತಾಯಿ ಬಂದು ಈ ಮೇಜಿನ ಮುಂದೆ ಇಡೀ ಮಧ್ಯಾಹ್ನ ಕೂತಿದ್ರು. ಬೈಲಿಲ್ಲ, ಅಳಲಿಲ್ಲ. ಕೈ ಮಾತ್ರ ಮೇಜಿನ ಕೆಳಗಿತ್ತು.”

“ಬಿಡಿಸೋದು ಹೇಗೆ? ಅದನ್ನ ಹೇಳಿ ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ!”

“ಎದ್ದು ಹೋಗೋವಾಗ ಆಯಮ್ಮ ಒಂದೇ ಮಾತು ಹೇಳಿದ್ರು. ಬದುಕಿರೋರ ಬಣ್ಣ ತೆಗೆದವನು ಯಂತ್ರ ತಿರುಗೋದ್ರೊಳಗೆ ತನ್ನ ಮುಖ ಕೊಟ್ರೆ, ಈ ಮೇಜು ಅವರನ್ನ ಬಿಡುತ್ತೆ. ಇಲ್ಲಾಂದ್ರೆ ಇಲ್ಲ.”

ಅಕ್ಕ ಶಾಲು ಸರಿಸಿದಳು. ಅವಳ ಬಲಗೈ ಮಣಿಕಟ್ಟಿನಿಂದಾಚೆ ಹಳೇ ಪತ್ರಿಕೆಯ ಬೂದಿ ಬಣ್ಣಕ್ಕಿತ್ತು. ಚರ್ಮದ ತುಂಬ ಅಚ್ಚಿನ ಚುಕ್ಕಿಗಳು. ಬೆರಳುಗಳು ಮಡಚುತ್ತಿರಲಿಲ್ಲ.

“ನನ್ನ ಯಜಮಾನರು ಹೋದಾಗ ಅವರ ಫೋಟೋ ನಾನೇ ಮಾಡಿದೆ. ಹೆಗಲ ಮೇಲೆ ನನ್ನ ಕೈ ಇತ್ತು. ಅಳ್ತಾ ಕತ್ತರಿಸಿದೆ. ಆ ಕೈ ಉಳಿದದ್ದು ಕಣ್ಣಿಗೆ ಕಾಣಲೇ ಇಲ್ಲ.”

ನಾಲ್ಕಕ್ಕೆ ಆರು ನಿಮಿಷ. ಕೆಟ್ಟ ಮೇಲೆ ಬುದ್ಧಿ ಬರುತ್ತದೆ ಎನ್ನುತ್ತಾರೆ. ಬಂದ ಬುದ್ಧಿಗೆ ಇಲ್ಲಿ ಆರೇ ನಿಮಿಷ ಆಯಸ್ಸು. ಹೊಸಬ ತನ್ನ ಫೋಟೋಗೆ ತಡಕಾಡಿದ. ಮನೆಯಲ್ಲಿ ಫೋಟೋ ತೆಗೆಯುವವನು ಅವನೇ, ಆದ್ದರಿಂದ ಅವನಿದ್ದ ಫೋಟೋಗಳೇ ಅಪರೂಪ. ಫೋನು ಸತ್ತಿತ್ತು. ಕಂಪ್ಯೂಟರಿನಲ್ಲಿ ಅವನ ಮುಖವಿದ್ದುದು ಒಂದರಲ್ಲೇ, ಆ ಹಿನ್ನೆಲೆಯ ಚಿತ್ರದಲ್ಲಿ.

ಸಾಯುವುದಕ್ಕೆ ಹೆದರಿಕೆಯಾಗಲಿಲ್ಲವೆಂದರೆ ಸುಳ್ಳು. ಆದರೆ ಉಯ್ಯಾಲೆಯ ಮೇಲಿನ ಆ ಬೂದಿ ಮುಖ ಅವನನ್ನೇ ನೋಡುತ್ತಿತ್ತು.

ಕತ್ತರಿಸಿದ. ಪುಟ್ಟಿಯ ಬೀಸುವ ಕೈ ಹೋಯಿತು. ಪುಟ್ಟಿಯ ಮುಖ ಹೋಯಿತು. ಕುತ್ತಿಗೆಯ ಎರಡೂ ಬದಿ ಇಳಿಬಿಟ್ಟ ಕಾಲು ಹೋಯಿತು. ಗೋಡೆಯಾಚೆ ಗಂಟೆ ಬಾರಿಸಿತು. ಟ್ಯೂಬ್‌ಲೈಟು ಆರಿತು. ಕತ್ತಲಲ್ಲಿ ಪರದೆಯೊಂದೇ ಬೆಳಕು. ಉಳಿದದ್ದು ತನ್ನ ಮುಖ. ತನ್ನದೊಂದೇ.

“ನಿಲ್ಲು, ನಾನೊಂದು ಸಲ ನೋಡ್ತೀನಿ!” ಅಕ್ಕ ಕಿರುಚಿದಳು.

“ಟೈಮಿಲ್ಲ!”

ಒತ್ತಿದ.

ಚಕ್ರ. ಕೂದಲು ಸುಟ್ಟ ನಾತ. ಬೆರಳ ತುದಿಯಿಂದ ಚಳಿ. ಅಂಗಿಯ ನೀಲಿ ಹೋಯಿತು. ಕೈಯ ಕಂದು ಹೋಯಿತು. ಚೌಕದಲ್ಲಿ ಪುಟ್ಟಿ ಮಸುಕಾದಳು. ಅವನು ಮೂಡಿದ. ಯಂತ್ರ ಗಡಗಡನೆ ತಿರುಗತೊಡಗಿತು.

ಮೇಜಿನ ಮೇಲಿನ ಆಫೀಸು ಫೋನು ಬಡಿದುಕೊಂಡಿತು. ಅಕ್ಕ ಅದನ್ನೆತ್ತಿ ಅವನ ಕಿವಿಗೆ ಹಿಡಿದಳು.

“ಎದ್ದಳು ರೀ! ಆಸ್ಪತ್ರೆ ಬಾಗಿಲಲ್ಲೇ ಕಣ್ಣು ಬಿಟ್ಟಳು. ಕೆನ್ನೆ ಕೆಂಪಗಾಯ್ತು. ಫ್ರಾಕು ನೋಡಬೇಕು ನೀವು, ಅದೇ ಹಳದಿ!” ಹೆಂಡತಿ ಅಳುತ್ತ ನಗುತ್ತಿದ್ದಳು.

ಹೊಸಬನೂ ನಕ್ಕ. ಬಾಯಿ ತೆರೆದ, ದನಿ ಹೊರಡಲಿಲ್ಲ. ತಲೆ ನಿಧಾನಕ್ಕೆ ಮೇಜಿಗೆ ಒರಗಿತು.

ಅಕ್ಕ ಬಾಗಿ ಪರದೆಯನ್ನು ದಿಟ್ಟಿಸಿದಳು. ಮೂವತ್ತು ವರ್ಷ ಪ್ರೂಫ್ ನೋಡಿದ ಕಣ್ಣು ಅದು. ಅವನ ದಟ್ಟ ಕೂದಲ ನಡುವೆ ಬಿಗಿಯಾಗಿ ಹಿಡಿದುಕೊಂಡ ಐದು ಪುಟ್ಟ ಬೆರಳುಗಳಿದ್ದವು.

“ರೀ, ಒಂದೇ ಒಂದು... ಅವಳ ಬಲಗೈ ಬೆರಳು ಮಾತ್ರ ಬೂದಿ ಬಣ್ಣಕ್ಕೇ ಇವೆ. ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ. ಮಡಚೋಕೂ ಆಗ್ತಿಲ್ಲ ಅಂತಾಳೆ. ರೀ? ಕೇಳಿಸ್ತಿದೆಯಾ?”

ಅಕ್ಕ ಫೋನನ್ನು ತನ್ನ ಕಿವಿಗೆ ತಂದುಕೊಂಡಳು.

“ಉಜ್ಜಬೇಡಮ್ಮ,” ಎಂದಳು. “ಮಗೂನ ನನ್ನ ಹತ್ರ ಕಳಿಸು. ಎಡಗೈಯಲ್ಲಿ ಬರೆಯೋದು ನಾನು ಕಲಿಸ್ತೀನಿ.”