ಕಾಗದದಲ್ಲಿ ತೆಗೆದ ಪಿತ್ತಕೋಶ

ಸೋಮವಾರ ಬೆಳಿಗ್ಗೆ 10.40ಕ್ಕೆ ಇಬ್ಬರು ಹೆಂಗಸರು ಠಾಣೆಗೆ ಬಂದರು. ಒಬ್ಬಳು ಹೊಲಿಗೆ ಅಂಗಡಿಯವಳು, ವಯಸ್ಸು ನಲವತ್ತೆರಡು. ಬಲಪಕ್ಕೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದಳು. ಇನ್ನೊಬ್ಬಳು ಅವಳ ಅಕ್ಕ, ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ದೂರು ಏನೆಂದು ಕೇಳಿದ ಹೆಡ್ ಕಾನ್‌ಸ್ಟೆಬಲ್, ಉತ್ತರ ಕೇಳಿ ಪೆನ್ನು ಕೆಳಗಿಟ್ಟರು.

"ನನ್ನ ಪಿತ್ತಕೋಶ ಇಲ್ವಂತೆ ಸಾರ್," ಎಂದಳು ಹೊಲಿಗೆಯವಳು.

"ಯಾರು ಹೇಳಿದ್ದು?"

"ಇನ್ಶೂರೆನ್ಸ್‌ನೋರು. ಹೋದ ವರ್ಷಾನೇ ಆಪರೇಷನ್ ಮಾಡಿಸಿ ತೆಗೆಸಿದ್ದೀರಿ, ಇನ್ನೊಂದು ಎಲ್ಲಿಂದ ಬಂತು ಅಂತಾರೆ."

"ತೆಗೆಸಿದ್ದೀರಾ?"

"ತೆಗೆಸಿದ್ರೆ ಇಷ್ಟು ನೋಯ್ತಿತ್ತಾ?"

ಎಂಟು ವರ್ಷ ಒಂದು ಕಂತೂ ತಪ್ಪಿಸದೆ ಕಟ್ಟಿದ ಆರೋಗ್ಯ ವಿಮೆ ಅದು. ಪಿತ್ತಕೋಶದಲ್ಲಿ ಕಲ್ಲಾಗಿದೆ, ವಾರದೊಳಗೆ ಆಪರೇಷನ್ ಆಗಲೇಬೇಕು ಎಂದು ವೈದ್ಯರು ಹೇಳಿದ್ದರು. ವಿಮೆ ಕೈಕೊಟ್ಟರೆ ಎರಡು ಹೊಲಿಗೆ ಯಂತ್ರ ಮಾರಿದರೂ ಸಾಲುತ್ತಿರಲಿಲ್ಲ.

"ಬರ್ಕೊಳ್ಳಿ ಸಾರ್," ಎಂದಳು ಅಕ್ಕ. "ಬೇಡ ಬೇಡ ಅಂತಿದ್ದೋಳನ್ನ ನಾನೇ ಎಳ್ಕೊಂಡು ಬಂದಿದ್ದೀನಿ."

11.15ಕ್ಕೆ ಎಫ್‌ಐಆರ್ ದಾಖಲಾಯಿತು.

ಮಂಗಳವಾರ ಮಹಿಳಾ ಕಾನ್‌ಸ್ಟೆಬಲ್ ಮತ್ತು ಇಬ್ಬರು ಪಂಚರ ಎದುರು ಸ್ಕ್ಯಾನ್ ನಡೆಯಿತು. ಪಿತ್ತಕೋಶ ಇದ್ದ ಜಾಗದಲ್ಲೇ ಇತ್ತು, ಒಳಗೆ ಮೂರು ಕಲ್ಲು. ಹೊಟ್ಟೆಯ ಮೇಲೆ ಒಂದು ಗಾಯದ ಗುರುತೂ ಇರಲಿಲ್ಲ. ಪಂಚನಾಮೆಗೆ ಸಹಿಗಳಾದವು. ಅದನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲಿಟ್ಟ ಹೆಡ್ ಕಾನ್‌ಸ್ಟೆಬಲ್‌ಗೆ ಸುಮ್ಮನಿರಲಾಗಲಿಲ್ಲ. "ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಕಳುವಾದ ಮಾಲು ದೂರು ಕೊಟ್ಟವರ ಹೊಟ್ಟೇಲೇ ಸಿಕ್ಕಿದ್ದು ಇದೇ ಮೊದಲು ಸಾರ್."

ಇನ್‌ಸ್ಪೆಕ್ಟರ್ ಪಂಚನಾಮೆ ಹಿಡಿದು ವಿಮಾ ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿ ನಗಲಿಲ್ಲ. "ವಿಮೆ ಕಾರ್ಡನ್ನ ಆಕೆಯೇ ಯಾರಿಗೋ ಕೊಟ್ಟಿರಬಹುದಲ್ಲ? ಹೋದ ವರ್ಷ ಆಕೆ ಹೆಸರಲ್ಲಿ ಆಪರೇಷನ್ ಆದ ರೋಗಿ ಯಾರಂತ ಗೊತ್ತಾಗೋವರೆಗೆ ಹಣ ಬಿಡೋಕಾಗಲ್ಲ. ಆಸ್ಪತ್ರೆ ಖರ್ಚು ದೇಶದ ತುಂಬ ಏರ್ತಾ ಇದೆ. ಇಂಥ ಸುಳ್ಳು ಕ್ಲೇಮು ಸೇರಿದ್ರೆ ಎಲ್ಲರ ಕಂತೂ ಏರುತ್ತೆ."

ಇನ್‌ಸ್ಪೆಕ್ಟರ್‌ಗೆ ಸಿಟ್ಟು ಬಂತು. ಆದರೆ ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಬುಧವಾರ ಮಧ್ಯಾಹ್ನ 12.20ಕ್ಕೆ ಅವರು ಹೆಡ್ ಕಾನ್‌ಸ್ಟೆಬಲ್ ಜೊತೆ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿದ್ದರು. ಹೋದ ವರ್ಷದ ಫೈಲಿನಲ್ಲಿ ಗುರುತಿನ ಚೀಟಿಯ ನಕಲು ಕಪ್ಪಾಗಿತ್ತು, ಮುಖ ಯಾರದ್ದೂ ಆಗಬಹುದಿತ್ತು. ವಾರ್ಡಿನ ನರ್ಸನ್ನು ಕರೆಸಿದರು.

"ಆ ರೋಗಿ ನೆನಪಿದ್ದಾರಾ?"

"ಇದ್ದಾರೆ ಸಾರ್. ಹೆಸರು ಹಿಡಿದು ಮೂರು ಸಲ ಕರೆದ್ರೆ ಒಂದು ಸಲ ತಿರುಗೋರು. ಕಿವಿ ಮಂದ ಅಂದ್ಕೊಂಡಿದ್ದೆ."

"ಜೊತೆಗೆ ಯಾರಿದ್ರು?"

"ಯಾರೂ ಇರ್ಲಿಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರಿಗೆ ಹೇಳೋದು ಅಂತ ಆಪರೇಷನ್ನಿಗೆ ಮುಂಚೆ ಕೇಳಿದೆ. ಆಗ ಗಾಬರೀಲಿ ಅವರೇ ಬರೆದುಕೊಟ್ರು."

ಫೈಲಿನ ಕೊನೆಯ ಹಾಳೆಯಲ್ಲಿ ಒಂದು ಫೋನ್ ನಂಬರ್ ಇತ್ತು. ಸಂಬಂಧ ಎಂಬ ಕಡೆ 'ತಂಗಿ' ಎಂದು ಬರೆದಿತ್ತು. ಹೆಡ್ ಕಾನ್‌ಸ್ಟೆಬಲ್ ಆ ನಂಬರನ್ನು ದೂರಿನ ಪ್ರತಿಯ ಪಕ್ಕ ಇಟ್ಟು ನೋಡಿದರು. ಅದು ಹೊಲಿಗೆಯವಳದೇ ನಂಬರ್.

"ರೋಗಿ ತನಗೆ ತಾನೇ ತಂಗಿ ಆಗಿದ್ದಾಳಲ್ಲ ಸಾರ್."

ಇನ್‌ಸ್ಪೆಕ್ಟರ್ ಅಲ್ಲಿಂದಲೇ ಹೊಲಿಗೆಯವಳಿಗೆ ಫೋನ್ ಮಾಡಿದರು. "ನಿಮಗೆ ತಂಗಿ ಇದ್ದಾರಾ?"

"ಇಲ್ಲ ಸಾರ್, ನಾನೇ ಕೊನೆಯವಳು. ಇರೋದು ಅಕ್ಕ ಒಬ್ಬಳೇ." ಹಿಂದೆ ಕೇಳುತ್ತಿದ್ದ ಯಂತ್ರದ ಸದ್ದು ನಿಂತಿತು. "ಯಾಕೆ ಸಾರ್?"

"ಫೈಲಿಗೆ ಬೇಕಿತ್ತು," ಎಂದು ಅವರು ಫೋನಿಟ್ಟರು.

ಗುರುವಾರ 3.30ಕ್ಕೆ ಶಾಲೆಯ ಅಡುಗೆಮನೆಗೆ ಹೋದಾಗ ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ಪೊಲೀಸರನ್ನು ಕಂಡು ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು.

"ನಿನ್ನೇನೇ ಬರ್ತೀರಿ ಅಂದ್ಕೊಂಡಿದ್ದೆ ಸಾರ್."

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಅವಳನ್ನು ಕೂರಿಸಿಯೇ ವಿಚಾರಣೆ ಮಾಡಿದರು.

"ಕಾರ್ಡ್ ಹೇಗೆ ಸಿಕ್ತು?"

"ಅವಳ ಕಾಗದಪತ್ರ ಎಲ್ಲಾ ನನ್ನ ಪೆಟ್ಟಿಗೇಲೇ ಇರುತ್ತೆ."

"ನಿಮಗೆ ವಿಮೆ ಇರ್ಲಿಲ್ವಾ?"

"ಹತ್ತು ವರ್ಷ ಇತ್ತು. ಐವತ್ತು ತುಂಬಿದ್ದೇ ತಡ, ಕಂತು ಒಂದೂವರೆ ಪಟ್ಟಾಯ್ತು. ಹತ್ತು ವರ್ಷ ಕಟ್ಟಿದ್ದೀನಿ, ಒಂದು ದಿನಾನೂ ಜ್ವರ ಬಂದಿಲ್ಲ, ಒಂದು ವರ್ಷ ಬಿಟ್ರೆ ಏನಾಗುತ್ತೆ ಅಂದ್ಕೊಂಡೆ. ಅದೇ ವರ್ಷ ಹೊಟ್ಟೆನೋವು ಬಂತು."

"ತಂಗಿಗೆ ಹೇಳಬಹುದಿತ್ತು."

"ಹೇಳಿದ್ರೆ ಮಿಷನ್ ಮಾರಿ ದುಡ್ಡು ತಂದಿಡೋಳು. ಅವಳಿಗೂ ಅದೇ ಕಲ್ಲು ಬರುತ್ತೆ ಅಂತ ನಂಗೇನು ಗೊತ್ತು ಸಾರ್?"

"ಮತ್ತೆ ದೂರು ಕೊಡಿಸಿದ್ದು ಯಾಕೆ? ಸಿಕ್ಕಿಬೀಳ್ತೀನಿ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಅವಳ ಮುಖ ನೋಡಿ ಹೇಳೋಕೆ ಮೂರು ಸಲ ಹೋದೆ, ಬಾಯೇ ಬರ್ಲಿಲ್ಲ. ನೀವು ಹುಡುಕಿದ್ರೆ ಅವಳ ಆಪರೇಷನ್ ಆದ್ರೂ ಆಗುತ್ತೆ ಅಂತ ಕರ್ಕೊಂಡು ಬಂದೆ."

ಅವಳು ಮಾಡಿದ್ದು ಮೋಸ, ಅದರಲ್ಲಿ ಎರಡು ಮಾತಿಲ್ಲ. ಆದರೂ ಇನ್‌ಸ್ಪೆಕ್ಟರ್‌ಗೆ ಅವಳ ಮೇಲೆ ಕೋಪ ಬರಲಿಲ್ಲ. ಹೇಳಿಕೆಯ ಪ್ರತಿ 4.35ಕ್ಕೆ ವಿಮಾ ಕಚೇರಿಗೆ ಹೋಯಿತು; ತಂಗಿಯ ಹಣ ತಡೆಯಲು ಅವರಿಗೆ ಇನ್ನು ಕಾರಣ ಉಳಿಯಲಿಲ್ಲ. ದಸ್ತಗಿರಿ ಪತ್ರದಲ್ಲಿ ಯಾರಿಗೆ ತಿಳಿಸಬೇಕು ಎಂಬ ಜಾಗ ಬಂತು. ಹೆಡ್ ಕಾನ್‌ಸ್ಟೆಬಲ್ ತಲೆಯೆತ್ತಿದರು.

"ಅದೇ ನಂಬರ್ ಸಾರ್," ಎಂದಳು ಅಕ್ಕ, ನೆಲ ನೋಡುತ್ತ. "ತಂಗಿ."

ಇನ್‌ಸ್ಪೆಕ್ಟರ್ ತಾವೇ ಫೋನ್ ಮಾಡಿ ಎಲ್ಲವನ್ನೂ ಹೇಳಿದರು.

"ನಿನ್ನೆ ನೀವು ತಂಗಿ ಇದ್ದಾರಾ ಅಂದಾಗಲೇ ಗೊತ್ತಾಯ್ತು ಸಾರ್," ಎಂದಳು ಹೊಲಿಗೆಯವಳು. "ಹೊಟ್ಟೆಗಿಂತ ಜಾಸ್ತಿ ಅದು ನೋಯ್ತು. ಜಾಮೀನಿಗೆ ಎಲ್ಲಿ ಬರ್ಬೇಕು?"

"ದೂರು ಕೊಟ್ಟವರೇ ಜಾಮೀನು ನಿಲ್ಲೋದಾ?"

"ನಿಲ್ಲಬಾರ್ದು ಅಂತ ಕಾನೂನಿದ್ಯಾ?"

ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೆಬಲ್ ಮುಖ ನೋಡಿದರು. ಇಪ್ಪತ್ತಾರು ವರ್ಷದ ಸರ್ವೀಸು ಭುಜ ಕುಣಿಸಿತು.

"ಆಪರೇಷನ್ನಿಗೆ ಮನೆಯೋರ ಸಹಿ ಬೇಕಂತೆ ಸಾರ್," ಎಂದಳು ಅವಳು. "ಅವಳನ್ನ ಬಿಟ್ರೆ ನಂಗ್ಯಾರಿದ್ದಾರೆ? ಬಂದು ಹಾಕ್ಲಿ. ಈ ಸಲ ಅವಳ ಹೆಸರಲ್ಲೇ ಹಾಕ್ಬೇಕು, ಹೇಳಿಬಿಡಿ."